ಕ್ರಯವೋ ಖೇಣಿಯೋ?

"ಮಾವ, ದುಡ್ಡು ಕೊಟ್ಟು ಕೊಂಡ ಪದಾರ್ಥವನ್ನು ಮಾರಿದವನೇ ಬಂದು ಹೊತ್ತುಕೊಂಡು ಹೋಗಬಹುದೆ?"

ಕಳೆದ ಬೇಸಗೆಯ ಒಂದು ಸಂಜೆ ನನ್ನ ತಂಗಿಯ ಮಗನು ಕೇಳಿದ ಪ್ರಶ್ನೆಯಿದು. ಅವನು ಹುಟ್ಟಿ ಬೆಳೆದುದು ಜಗಳೂರಿನಲ್ಲಿ. ಈಗ ನ್ಯಾಮತಿಯಲ್ಲಿ ಕಂಪ್ಯೂಟರು ದುರಸ್ತಿಯ ಚಿಕ್ಕ ಅಂಗಡಿಯೊಂದನ್ನು ಇಟ್ಟುಕೊಂಡಿದ್ದಾನೆ. ವಾರಕ್ಕೊಮ್ಮೆ ಹೊನ್ನಾಳಿಯ ನಮ್ಮ ಮನೆಗೆ ಬಂದು, ಅತ್ತೆಯ ಕೈಯ ಕಾಫಿ ಕುಡಿದು ಹೋಗುವುದು ಅವನ ವಾಡಿಕೆ. ನಾನಾದರೋ ಹೈಸ್ಕೂಲಿನ ಕನ್ನಡ ಮೇಷ್ಟರು; ವ್ಯಾಪಾರದ ಕಾನೂನು ನನ್ನ ವಿಷಯವಲ್ಲ. "ಹಾಗೆ ಹೊತ್ತುಕೊಂಡು ಹೋದರೆ ಅದಕ್ಕೆ ಕಳವು ಎಂದು ಹೆಸರು" ಎಂದೆ. "ಕಳವಲ್ಲ ಮಾವ, ಕರಾರಿನಲ್ಲಿ ಮೊದಲೇ ಬರೆದಿತ್ತಂತೆ" ಎಂದು ನಕ್ಕನು. ಆ ನಗೆಯಲ್ಲಿ ಸಂತೋಷವಿರಲಿಲ್ಲ.

ನಡೆದ ಸಂಗತಿ ಇಷ್ಟು. ಹುಡುಗನಾಗಿದ್ದಾಗ ಅವನು ಜಗಳೂರಿನಲ್ಲಿ ಗೆಳೆಯನ ಮನೆಯ ಕಂಪ್ಯೂಟರಿನಲ್ಲಿ ಒಂದು ಸಾಹಸದ ಆಟವನ್ನು ಆಡಿದ್ದನು. ಬೆಂಗಳೂರಿನಿಂದ ಯಾರೋ ತಂದ ನಕಲು ಸಿ.ಡಿ.ಯದು, ಮುಗಿಸುವ ಮೊದಲೇ ಗೀರು ಬಿದ್ದು ಕೆಟ್ಟುಹೋಯಿತು. ದೊಡ್ಡವನಾಗಿ ನಾಲ್ಕು ಕಾಸು ಸಂಪಾದಿಸಿದ ಮೇಲೆ, ಅಂತರ್ಜಾಲದ ಒಂದು ಅಂಗಡಿಯಲ್ಲಿ ಅದೇ ಆಟವನ್ನು ನ್ಯಾಯವಾಗಿ ದುಡ್ಡು ಕೊಟ್ಟು ಕೊಂಡನು. ಕೆಲವು ವರ್ಷಗಳಾದ ಮೇಲೆ ಆ ಅಂಗಡಿ ಬಾಗಿಲು ಹಾಕಿತು. ಅಂಗಡಿಯ ಅನುಮತಿ ಕೇಳದೆ ಆಟ ತೆರೆಯದು. ಅನುಮತಿ ಕೊಡುವವರು ಇಲ್ಲ. ಕಳ್ಳ ಪ್ರತಿಯಲ್ಲಿ ಅರ್ಧ ಆಡಿದ ಆಟ ನ್ಯಾಯದ ಪ್ರತಿಯಲ್ಲಿಯೂ ಅರ್ಧಕ್ಕೇ ನಿಂತಿತು.

ಆಟವೆಂದರೆ ಮಕ್ಕಳ ಮಾತು, ಅದಕ್ಕೇಕೆ ಇಷ್ಟು ದುಃಖ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಇದರ ಚರಿತ್ರೆಯನ್ನು ಅವನ ಬಾಯಿಂದ ಕೇಳಿ, ಆಮೇಲೆ ನಾನೇ ಓದಿ ತಿಳಿದುಕೊಂಡ ಮೇಲೆ, ಇದು ನಮ್ಮ ಹಳಗನ್ನಡದ ಓಲೆಗರಿಗಳ ಕಥೆಗೆ ತೀರ ದೂರದ್ದಲ್ಲ ಎಂದು ತೋರಿತು.

ಸಾಹಸದಾಟ ಎಂದರೆ ಗುಂಡು ಹಾರಿಸುವ ಆಟವಲ್ಲ. ಮೊದಲಿನ ಸಾಹಸದಾಟದಲ್ಲಿ ಚಿತ್ರವೂ ಇರಲಿಲ್ಲ, ಶಬ್ದವೂ ಇರಲಿಲ್ಲ, ಬರಿಯ ಮಾತು. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನ ಹೊಂಡವನ್ನು ನೀವು ನೋಡಿರಬಹುದು. ಅದನ್ನೇ ಆಟ ಮಾಡಿದರೆ ತೆರೆಯ ಮೇಲೆ ಹೀಗೆ ಬರುತ್ತದೆ: 'ನೀನು ಪುಷ್ಕರಣಿಯ ಮೆಟ್ಟಿಲ ಮೇಲೆ ನಿಂತಿದ್ದೀಯೆ. ನೀರಿನ ನಡುವೆ ಒಂದು ಮಂಟಪ. ನಿನ್ನ ಕಾಲ ಬಳಿ ಆರಿದ ಕಂದೀಲು ಬಿದ್ದಿದೆ.' ನೀವು 'ಕಂದೀಲು ತೆಗೆ' ಎಂದು ಬೆರಳಚ್ಚಿಸಬೇಕು. 'ತೆಗೆದೆ' ಎಂದು ಯಂತ್ರ ಉತ್ತರಿಸುತ್ತದೆ. 'ಮಂಟಪಕ್ಕೆ ಹೋಗು' ಎಂದರೆ 'ನಿನಗೆ ಈಜು ಬಾರದು' ಎನ್ನುತ್ತದೆ. ಈಗ ಉಪಾಯ ಹುಡುಕಬೇಕು. ಒಂದು ಪಾಲು ಒಗಟು, ಒಂದು ಪಾಲು ಕಥೆ. ಭದ್ರಾವತಿ ನಿಲಯದಿಂದ ನಾಟಕ ಕೇಳುವಾಗ ರಂಗಸ್ಥಳವನ್ನು ನಾವೇ ಮನಸ್ಸಿನಲ್ಲಿ ಕಟ್ಟಿಕೊಳ್ಳುವುದಿಲ್ಲವೆ? ಇದೂ ಹಾಗೆಯೇ; ಇಲ್ಲಿ ಪಾತ್ರಧಾರಿಯೂ ನೀವೇ ಎಂಬುದೊಂದು ಹೆಚ್ಚು.

ಈ ಬಗೆಯ ಆಟದ ಮೂಲಪುರುಷನು ಅಮೆರಿಕದ ವಿಲ್ ಕ್ರೌದರ್. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸದಲ್ಲಿದ್ದವನು. ಬಿಡುವಿನಲ್ಲಿ ಹೆಂಡತಿ ಪೆಟ್ರಿಷಿಯಾಳೊಡನೆ ಕೆಂಟಕಿ ಸೀಮೆಯ ಮ್ಯಾಮತ್ ಗುಹೆಗಳಲ್ಲಿ ನುಸುಳಿ ನಕ್ಷೆ ಬರೆಯುತ್ತಿದ್ದನು. ೧೯೭೨ರಲ್ಲಿ ಎರಡು ಮಹಾಗುಹೆಗಳು ಒಳಗಿನಿಂದ ಕೂಡುತ್ತವೆಯೆಂದು ಕಂಡುಹಿಡಿದ ತಂಡದಲ್ಲಿ ಆಕೆಯೂ ಇದ್ದಳು. ಮುಂದೆ ಆ ಸಂಸಾರ ಒಡೆಯಿತು. ದೂರವಾದ ತನ್ನ ಹೆಣ್ಣುಮಕ್ಕಳಿಗೆ ಬೇಸರ ಕಳೆಯಲೆಂದು ಕ್ರೌದರನು ೧೯೭೬ರ ಹೊತ್ತಿಗೆ ಆ ಗುಹೆಯನ್ನೇ ಮಾತಿನಲ್ಲಿ ಕಟ್ಟಿ, ಆಟವಾಗಿ ಮಾಡಿದನು. ಒಬ್ಬ ತಂದೆಯ ಮನಸ್ಸಿನ ನೋವಿನಿಂದ ಒಂದು ಪ್ರಕಾರವೇ ಹುಟ್ಟಿತೆಂದರೆ ಸಾಹಿತ್ಯದ ಮೇಷ್ಟರಿಗೆ ಆಶ್ಚರ್ಯವಾಗದು.

ಆ ಆಟ ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲಾಗುತ್ತ ಹಬ್ಬಿತು. ಸ್ಟಾನ್‌ಫರ್ಡಿನಲ್ಲಿದ್ದ ಡಾನ್ ವುಡ್ಸ್ ಎಂಬ ತರುಣನಿಗೆ ಅದು ಸಿಕ್ಕಿತು. ಬೆಳೆಸಬೇಕೆಂಬ ಆಸೆ, ಕರ್ತೃವಿನ ವಿಳಾಸ ತಿಳಿಯದು. ಜಾಲದಲ್ಲಿದ್ದ ಕಂಪ್ಯೂಟರುಗಳಿಗೆಲ್ಲ 'ಕ್ರೌದರ್' ಎಂಬ ಹೆಸರಿಗೆ ಓಲೆ ಕಳುಹಿಸಿದನು! ಉತ್ತರ ಬಂದಿತು, ಅನುಮತಿಯೂ ಬಂದಿತು. ೧೯೭೭ರಲ್ಲಿ ವುಡ್ಸ್ ವಿಸ್ತರಿಸಿದ ಪಾಠವೇ ಲೋಕಪ್ರಸಿದ್ಧವಾಯಿತು. ಈ ಹಂತದಲ್ಲಿ ಮಾರಾಟದ ಮಾತೇ ಇರಲಿಲ್ಲವೆಂಬುದನ್ನು ಗಮನಿಸಿರಿ.

ಮಾರಾಟ ಬಂದುದು ಬೇಗನೆ. ೧೯೮೦ರಲ್ಲಿ ಕ್ಯಾಲಿಫೋರ್ನಿಯದ ಕೆನ್ ಮತ್ತು ರಾಬರ್ಟಾ ವಿಲಿಯಮ್ಸ್ ದಂಪತಿಗಳು 'ಮಿಸ್ಟರಿ ಹೌಸ್' ಎಂಬ ಆಟಕ್ಕೆ ಗೆರೆಚಿತ್ರಗಳನ್ನು ಸೇರಿಸಿ, ತಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮಾರಿದರು. ಮುಂದೆ ಅವರ ಸಿಯೆರಾ ಕಂಪನಿ ೧೯೮೪ರಲ್ಲಿ 'ಕಿಂಗ್ಸ್ ಕ್ವೆಸ್ಟ್' ಹೊರತಂದಿತು. ೧೯೯೦ರಲ್ಲಿ ಲ್ಯೂಕಸ್ ಕಂಪನಿಯ 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್' ಬಂದಿತು. ಅದರೊಡನೆ ರಟ್ಟಿನ ಚಕ್ರವೊಂದನ್ನು ಕೊಡುತ್ತಿದ್ದರು. ತೆರೆಯ ಮೇಲೆ ಕಾಣುವ ಕಡಲ್ಗಳ್ಳನ ಮುಖಕ್ಕೆ ಚಕ್ರವನ್ನು ತಿರುಗಿಸಿ ಹೊಂದಿಸಿ, ಅದರಲ್ಲಿ ಸಿಕ್ಕ ಇಸವಿಯನ್ನು ಹೇಳಿದರೆ ಆಟ ತೆರೆಯುತ್ತಿತ್ತು. ಕಳ್ಳ ಪ್ರತಿಗೆ ಕಡಿವಾಣ ಹಾಕಲು ಕಡಲ್ಗಳ್ಳರನ್ನೇ ಕಾವಲಿಟ್ಟ ಆ ಹಾಸ್ಯಪ್ರಜ್ಞೆಯನ್ನು ಮೆಚ್ಚದಿರಲಾರೆ. ೧೯೯೩ರ 'ಮಿಸ್ಟ್' ಲಕ್ಷಾಂತರ ಪ್ರತಿ ಖರ್ಚಾಯಿತು. ಅಲ್ಲಿಂದ ಇಳಿಗಾಲ. ೧೯೯೮ರ 'ಗ್ರಿಮ್ ಫ್ಯಾಂಡಾಂಗೊ'ವನ್ನು ವಿಮರ್ಶಕರು ಹೊಗಳಿದರು, ಜನ ಕೊಳ್ಳಲಿಲ್ಲ. ಅಂಗಡಿಗಳ ಕಪಾಟುಗಳಿಂದ ಸಾಹಸದಾಟಗಳು ಮಾಯವಾದವು. ನಮ್ಮ ತಾಲ್ಲೂಕಿನ ಊರುಗಳ ಕಪಾಟುಗಳಿಗೆ ಅವು ಬಂದದ್ದೇ ಇಲ್ಲ. ಆ ಮಾತು ಬೇರೆ.

ಈಗ ಎರಡು ವಿಪತ್ತು ಒಟ್ಟಿಗೆ ಬಂದವು. ಒಂದು, ಹಳೆಯ ಆಟ ಹೊಸ ಯಂತ್ರದಲ್ಲಿ ನಡೆಯದು. ಇನ್ನೊಂದು, ಆಟದ ಯಜಮಾನರು ಯಾರೆಂದೇ ತಿಳಿಯದು. ಸಿಯೆರಾ ಕಂಪನಿ ೧೯೯೬ರಲ್ಲಿ ಒಬ್ಬರ ಕೈಸೇರಿ, ಅಲ್ಲಿಂದ ಫ್ರೆಂಚರ ಕೈಗೆ ಹೋಗಿ, ೨೦೦೮ರಲ್ಲಿ ಆಕ್ಟಿವಿಷನ್ನಿಗೂ ೨೦೨೩ರಲ್ಲಿ ಅದರ ಜೊತೆಗೆ ಮೈಕ್ರೋಸಾಫ್ಟಿಗೂ ಸೇರಿತು. ಲ್ಯೂಕಸ್ ಕಂಪನಿ ೨೦೧೨ರಲ್ಲಿ ಡಿಸ್ನಿಯ ಪಾಲಾಯಿತು. ಖಾತೆ ಇಷ್ಟು ಸಲ ಬದಲಾದ ಜಮೀನಿನಲ್ಲಿ ಬದುವಿನ ಗಿಡವೊಂದು ಯಾರದೆಂದು ಯಾರು ನೋಡುತ್ತಾರೆ?

ಮೊದಲ ವಿಪತ್ತಿಗೆ ಮದ್ದು ತಂದವರು ವ್ಯಾಪಾರಿಗಳಲ್ಲ, ಹವ್ಯಾಸಿಗಳು. ಸ್ವೀಡನ್ನಿನ ಲುಡ್ವಿಗ್ ಸ್ಟ್ರಿಗೇಯಸ್ ಎಂಬ ತರುಣನು ಗೆಳೆಯನೊಡನೆ ೨೦೦೧ರಲ್ಲಿ 'ಸ್ಕಮ್‌ವಿಎಂ' ಎಂಬ ಉಪಕರಣವನ್ನು ಆರಂಭಿಸಿದನು. ಅದರ ತತ್ವವನ್ನು ಅಳಿಯನು ಯಂತ್ರದ ಮಾತಿನಲ್ಲಿ ಹೇಳಿದ. ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ಆಟದಲ್ಲಿ ಎರಡು ಅಂಗ: ಗ್ರಂಥ ಒಂದು, ಅದನ್ನು ಓದುವ ಗಮಕಿ ಇನ್ನೊಬ್ಬ. ಕಥೆ, ಚಿತ್ರ, ಒಗಟುಗಳೆಲ್ಲ ಗ್ರಂಥದಲ್ಲಿವೆ. ಹಳೆಯ ಗಮಕಿ ತೀರಿಕೊಂಡರೂ ಗ್ರಂಥ ಕೆಟ್ಟಿಲ್ಲ. ಅದೇ ಗ್ರಂಥವನ್ನು ಇಂದಿನ ಯಂತ್ರದಲ್ಲಿ ಓದಬಲ್ಲ ಹೊಸ ಗಮಕಿಯನ್ನು ಅವರು ಸಿದ್ಧಪಡಿಸಿದರು. ಇದನ್ನು ಕಂಡು ಇಂಗ್ಲೆಂಡಿನ ರೆವಲ್ಯೂಷನ್ ಕಂಪನಿ ತನ್ನ 'ಬಿನೀತ್ ಎ ಸ್ಟೀಲ್ ಸ್ಕೈ' ಆಟವನ್ನು ೨೦೦೩ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಇಂಥ ಔದಾರ್ಯ ವ್ಯಾಪಾರದಲ್ಲಿ ಅಪರೂಪ.

ಎರಡನೆಯ ವಿಪತ್ತಿಗೆ ಕೈಹಾಕಿದವರು ಪೋಲೆಂಡಿನ ಸಿ.ಡಿ. ಪ್ರೊಜೆಕ್ಟ್ ಕಂಪನಿಯವರು. ೧೯೯೪ರಲ್ಲಿ ವಾರ್ಸಾದಲ್ಲಿ ಸಿ.ಡಿ. ಮಾರುತ್ತ ಆರಂಭಿಸಿದ ಜನ. ೨೦೦೮ರಲ್ಲಿ ಅವರು 'ಗುಡ್ ಓಲ್ಡ್ ಗೇಮ್ಸ್', ಎಂದರೆ ಒಳ್ಳೆಯ ಹಳೆಯ ಆಟಗಳು, ಎಂಬ ಅಂಗಡಿಯನ್ನು ಅಂತರ್ಜಾಲದಲ್ಲಿ ತೆರೆದರು. ಇಂದು ಗಾಗ್ ಎಂದು ಹೆಸರಾಗಿರುವುದು ಅದೇ. ಹಕ್ಕುದಾರರನ್ನು ಹುಡುಕಿ ಹಿಡಿದು ಒಪ್ಪಂದ ಮಾಡಿಕೊಳ್ಳುವುದು, ಹೊಸ ಯಂತ್ರಕ್ಕೆ ಹೊಂದಿಸುವುದು, ಬೀಗ ಹಾಕದೆ ಮಾರುವುದು ಅವರ ಪದ್ಧತಿ. ಆರಂಭದಲ್ಲಿ ಎರಡೇ ದರ: ೫ ಡಾಲರು ೯೯ ಸೆಂಟು ಅಥವಾ ೯ ಡಾಲರು ೯೯ ಸೆಂಟು. ಲ್ಯೂಕಸ್ ಕಂಪನಿಯ ಹಳೆಯ ಆಟಗಳು ಅಲ್ಲಿಗೆ ಬರುವ ಹೊತ್ತಿಗೆ ೨೦೧೪ ಆಗಿತ್ತು. ಇದಕ್ಕೂ ಮೊದಲೇ, ೨೦೦೩ರಲ್ಲಿ, ಅಮೆರಿಕದ ವಾಲ್ವ್ ಕಂಪನಿ 'ಸ್ಟೀಮ್' ಎಂಬ ಮಹಾಮಳಿಗೆಯನ್ನು ಆರಂಭಿಸಿತ್ತು. ೨೦೧೫ರಿಂದ ಅಲ್ಲಿ ರೂಪಾಯಿಯಲ್ಲೇ ಬೆಲೆ ಕಾಣುತ್ತದೆ. ಯಾವ ಅಂಗಡಿಯೂ ಎಂದೂ ತರಿಸದ ಆಟವನ್ನು ಇಂದು ಜಗಳೂರಿನ ಹುಡುಗನೂ ಕುಳಿತಲ್ಲೇ ಇಳಿಸಿಕೊಳ್ಳಬಹುದು. ಇದು ಸಣ್ಣ ಉಪಕಾರವಲ್ಲ.

ಹಾಗಾದರೆ ನನ್ನ ಅಳಿಯನಿಗೆ ಆದ ನಷ್ಟವೇಕೆ? ಇಲ್ಲಿ ಚನ್ನಗಿರಿಯ ಕಡೆಯವರು ನನ್ನ ಮಾತನ್ನು ಬೇಗ ಹಿಡಿಯುತ್ತಾರೆ. ಅಡಕೆ ತೋಟದ ಖೇಣಿ ನಿಮಗೆ ಗೊತ್ತಿದೆ. ಖೇಣಿದಾರನು ದುಡ್ಡು ಎಣಿಸಿ ಕೊಡುತ್ತಾನೆ, ಗೊನೆ ಇಳಿಸುತ್ತಾನೆ, ಸುಲಿಸಿ ಬೇಯಿಸಿ ಒಣಗಿಸಿ ಮಾರುತ್ತಾನೆ. ಆ ವರ್ಷದ ಫಸಲು ಅವನದೇ. ಆದರೆ ಮರ ಅವನದಲ್ಲ, ಮಣ್ಣು ಅವನದಲ್ಲ. ಅವಧಿ ತೀರಿದ ಮೇಲೆ ಬೇಲಿಯೊಳಗೆ ಕಾಲಿಡುವಂತಿಲ್ಲ. ಅಂತರ್ಜಾಲದ ಅಂಗಡಿಗಳಲ್ಲಿ ನಾವು ಮಾಡುವ ಖರೀದಿ ಬಹುಮಟ್ಟಿಗೆ ಈ ಬಗೆಯದು. ವ್ಯತ್ಯಾಸವೇನೆಂದರೆ, ಖೇಣಿಯನ್ನು ಯಾರೂ ಕ್ರಯವೆಂದು ಕರೆಯುವುದಿಲ್ಲ, ಅವಧಿಯನ್ನು ಮೊದಲೇ ಮಾತಾಡಿರುತ್ತಾರೆ. ಇಲ್ಲಿ 'ಕೊಳ್ಳಿರಿ' ಎಂದು ಗುಂಡಿಯ ಮೇಲೆ ಬರೆದು, ಇದು ಬಳಸುವ ಅನುಮತಿ ಮಾತ್ರವೆಂಬುದನ್ನು ಯಾರೂ ಓದದ ಉದ್ದ ಕರಾರಿನಲ್ಲಿ ಅಡಗಿಸಿದ್ದರು. ಪದವನ್ನು ಹೀಗೆ ದುರುಪಯೋಗ ಮಾಡುವುದನ್ನು ಕಂಡರೆ ಪಂಡಿತನಿಗೆ ಸಿಟ್ಟು ಬಾರದಿರುವುದೆಂತು? ಕ್ಯಾಲಿಫೋರ್ನಿಯ ರಾಜ್ಯಕ್ಕೂ ಬಂದಂತಿದೆ. ೨೦೨೪ರಲ್ಲಿ ಅಲ್ಲಿ ಒಂದು ಕಾನೂನಾಗಿ, ೨೦೨೫ರ ಜನವರಿ ೧ರಿಂದ ಜಾರಿಗೆ ಬಂದಿತು: ಕೊಡುವುದು ಅನುಮತಿ ಮಾತ್ರವಾದರೆ ಹಾಗೆಂದು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು. ೨೦೨೪ರ ಅಕ್ಟೋಬರಿನಲ್ಲಿಯೇ ಸ್ಟೀಮ್ ಮಳಿಗೆ ದುಡ್ಡು ಕಟ್ಟುವ ಜಾಗದಲ್ಲಿ ಅಂಥ ಸೂಚನೆಯನ್ನು ಹಾಕಿತು. ಗಾಗ್ ಅಂಗಡಿಯ ಕರಾರು ಕೂಡ ನ್ಯಾಯದ ಮಾತಿನಲ್ಲಿ ಅನುಮತಿಯೇ. ಆದರೆ ಅಲ್ಲಿ ಬೀಗವಿಲ್ಲದ ಕಡತ ಕೈಗೆ ಬರುತ್ತದೆ. ಇಳಿಸಿಟ್ಟುಕೊಂಡರೆ ನಾಳೆ ಅಂಗಡಿ ಮುಚ್ಚಿದರೂ ಆಟ ತೆರೆಯುತ್ತದೆ. ದುಡ್ಡು ಕಟ್ಟುವ ಮೊದಲು ನೀವು ಕೇಳಬೇಕಾದ ಪ್ರಶ್ನೆ ಇದೊಂದೇ: ಅಂಗಡಿಯನ್ನು ಕೇಳದೆ ಇದು ತೆರೆಯುತ್ತದೆಯೆ?

ಇನ್ನು ಓಲೆಗರಿಯ ಮಾತು. ಹತ್ತನೆಯ ಶತಮಾನದ ಪೊನ್ನನು ಉಭಯಕವಿಚಕ್ರವರ್ತಿಯೆನಿಸಿದವನು. ಅವನ ಶಾಂತಿಪುರಾಣವನ್ನು ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಗ್ರಂಥ ಇಂದೂ ನಮಗೆ ಓದಲು ಸಿಗುತ್ತದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ? ಹೆಸರುಳಿದಿದೆ, ಗ್ರಂಥವಿಲ್ಲ. ರನ್ನನ ಪರಶುರಾಮಚರಿತವೂ ಚಕ್ರೇಶ್ವರಚರಿತವೂ ಹೀಗೆಯೇ ಹೋದವು. ಒಂದು ಉಳಿಯಲು, ಒಂದು ಅಳಿಯಲು ಕಾರಣ ಪ್ರತಿಗಳ ಸಂಖ್ಯೆಯೊಂದೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಸಾವಿರ ಮನೆಯಲ್ಲಿದ್ದುದನ್ನು ಗೆದ್ದಲು ತಿಂದು ಮುಗಿಸುವುದು ಕಷ್ಟ. ಆಟಗಳ ಸ್ಥಿತಿಯೂ ಕ್ಷೇಮವಾಗಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆ ೨೦೨೩ರಲ್ಲಿ ಎಣಿಸಿ ಹೇಳಿದಂತೆ, ಆ ದೇಶದಲ್ಲಿ ೨೦೧೦ಕ್ಕೆ ಮೊದಲು ಹೊರಬಂದ ಆಟಗಳಲ್ಲಿ ನೂರಕ್ಕೆ ೮೭ ಇಂದು ಮಾರಾಟದಲ್ಲಿಲ್ಲ. ಆಟವು ಅಂಗಡಿಯವನ ಒಂದೇ ಉಗ್ರಾಣದಲ್ಲಿದ್ದು, ನಮಗೆಲ್ಲ ಕಿಟಕಿಯಿಂದ ನೋಡುವ ಹಕ್ಕು ಮಾತ್ರವಿದ್ದರೆ ಅದು ಒಂದೇ ಪ್ರತಿಯ ಗ್ರಂಥವಾಯಿತು. ಯಜಮಾನರು ಮಲಗಿದ್ದ ವರ್ಷಗಳಲ್ಲಿ ಎಷ್ಟೋ ಆಟಗಳನ್ನು ಉಳಿಸಿದ್ದು ಕಳ್ಳ ಪ್ರತಿಗಳೇ ಎಂದು ಅಳಿಯ ವಾದಿಸುತ್ತಾನೆ. ನಕಲನ್ನು ಬೈಯುವುದು ಮೇಷ್ಟರ ವೃತ್ತಿಧರ್ಮ. ಆದರೂ ಅವನಿಗೆ ಏನು ಉತ್ತರ ಕೊಡಬೇಕೆಂದು ನನಗಿನ್ನೂ ಹೊಳೆದಿಲ್ಲ.

ಅವನು ಆ ಆಟವನ್ನು ಮತ್ತೆ ಕೊಂಡನು, ಈ ಸಲ ಬೀಗವಿಲ್ಲದ ಕಡೆ. ಒಂದೇ ಆಟಕ್ಕೆ ಎರಡು ಸಲ ದುಡ್ಡು! ಇಳಿಸಿದ ಕಡತವನ್ನು ಪೆನ್ ಡ್ರೈವಿಗೆ ಹಾಕಿ, "ನನ್ನ ಅಂಗಡಿಯಲ್ಲಿ ಒಂದಿದೆ, ಇದು ನಿಮ್ಮಲ್ಲಿರಲಿ ಮಾವ" ಎಂದು ಕೊಟ್ಟು ಹೋದನು. ಶಾಂತಿಪುರಾಣದ ಪಕ್ಕದಲ್ಲಿ, ಹಳೆಯ ಕನ್ನಡಕದ ಡಬ್ಬಿಯಲ್ಲಿ ಅದನ್ನಿಟ್ಟಿದ್ದೇನೆ. ಈ ವಸ್ತುವೂ ಸುಮ್ಮನಿಟ್ಟರೆ ಕೆಡುತ್ತದಂತೆ. ಆಗಾಗ ತೆರೆದು ನೋಡಿ ಹೊಸದಕ್ಕೆ ಪ್ರತಿ ಮಾಡಿಕೊಳ್ಳಬೇಕಂತೆ. ನವರಾತ್ರಿಯಲ್ಲಿ ಸರಸ್ವತೀಪೂಜೆಗೆಂದು ಪುಸ್ತಕಗಳ ಧೂಳು ಕೊಡವಿದಾಗ ಅದನ್ನೂ ಕೆಳಗಿಳಿಸಿದೆ. ಅಳಿಯ ಬಂದು ಕಂಪ್ಯೂಟರಿಗೆ ಸಿಕ್ಕಿಸಿದನು. ತೆರೆಯಿತು. ಹಬ್ಬದ ಅಡಿಗೆ ಆರುವವರೆಗೂ ಅವನು ಎದ್ದು ಬರಲಿಲ್ಲ.