ಹುಳುಕಡ್ಡಿ: ಜೀನು ಓದುವ ಮೊದಲು ಓದಬೇಕಾದ್ದು

ಕೆಲವು ವರ್ಷಗಳಿಂದ ಹೊರದೇಶದ ವೈದ್ಯಕೀಯ ಪತ್ರಿಕೆಗಳಲ್ಲೂ ಅವನ್ನು ನೋಡಿ ಬರೆಯುವ ನಮ್ಮ ದಿನಪತ್ರಿಕೆಗಳಲ್ಲೂ ಹುಳುಕಡ್ಡಿ ತರುವ ಒಂದು ಶಿಲೀಂಧ್ರದ ಹೆಸರು ಓಡಾಡುತ್ತಿದೆ: ಟ್ರೈಕೊಫೈಟನ್ ಇಂಡೊಟಿನಿಯೆ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ ಸಿಕ್ಕ ತಳಿಗೆ ಇಟ್ಟ ಹೆಸರು ಇದು. 2023ರಲ್ಲಿ ನ್ಯೂಯಾರ್ಕ್‌ನ ಇಬ್ಬರಲ್ಲಿ ಇದು ಪತ್ತೆಯಾದ ಮೇಲೆ ಸುದ್ದಿಗೆ ಇನ್ನಷ್ಟು ಕಾವು ಬಂತು. ಔಷಧಕ್ಕೆ ಬಗ್ಗದ ಬೂಷ್ಟೊಂದು ಭಾರತದಲ್ಲಿ ಹುಟ್ಟಿದೆ, ಹೊಸ ಔಷಧ ಬಂದರೆ ಮಾತ್ರ ಪರಿಹಾರ ಎಂಬುದು ಈಗ ಎಲ್ಲರೂ ಒಪ್ಪಿಕೊಂಡಿರುವ ಕಥೆ. ಹುಳುಕಡ್ಡಿ ರೋಗಿಗಳನ್ನು ನೋಡುತ್ತಲೇ ಕೆಲಸದ ವರ್ಷಗಳನ್ನು ಕಳೆದ ನನಗೆ ಇದು ಅರ್ಧ ಕಥೆಯಾಗಿ ಕಾಣುತ್ತದೆ.

ಹಳೆಯದನ್ನು ಬೇಗ ಹೇಳಿಬಿಡುತ್ತೇನೆ. ಚರ್ಮ ಮತ್ತು ಕೂದಲ ಈ ರೋಗಗಳಿಗೆ ಶಿಲೀಂಧ್ರ ಕಾರಣ ಎಂದು 1840ರ ದಶಕದಲ್ಲಿ ಪ್ಯಾರಿಸ್‌ನ ವೈದ್ಯ ಡೇವಿಡ್ ಗ್ರೂಬಿ ತೋರಿಸಿದ. 1910ರಲ್ಲಿ ಫ್ರೆಂಚ್ ಚರ್ಮವೈದ್ಯ ಸಬುರೋ ತನ್ನ ದೊಡ್ಡ ಗ್ರಂಥದಲ್ಲಿ ಅವನ್ನೆಲ್ಲ ವರ್ಗೀಕರಿಸಿದ. ನಮ್ಮ ಕರಾವಳಿಯಲ್ಲಿ ಹುಳುಕಡ್ಡಿಗೆ ಹಚ್ಚುತ್ತಿದ್ದ ಗೋವಾ ಪುಡಿಯನ್ನು 1876ರಲ್ಲಿ ಲಂಡನ್ನಿನ ಬಾಲ್ಮನೊ ಸ್ಕ್ವಾಯರ್ ಸೋರಿಯಾಸಿಸ್‌ಗೆ ಬಳಸಿ ಗುಣ ಕಂಡ; ಅದರ ಸಾರವೇ ಮುಂದೆ ಡಿತ್ರನಾಲ್ ಎಂಬ ಸೋರಿಯಾಸಿಸ್ ಔಷಧಕ್ಕೆ ದಾರಿಯಾಯಿತು. ಬೆಂಜೋಯಿಕ್ ಮತ್ತು ಸ್ಯಾಲಿಸಿಲಿಕ್ ಆಮ್ಲ ಬೆರೆಸಿದ ವಿಟ್‌ಫೀಲ್ಡ್ ಮುಲಾಮು ಸರ್ಕಾರಿ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಬಡವರ ಆಸರೆಯಾಗಿತ್ತು. 1958ರಲ್ಲಿ ಗ್ರಿಸಿಯೊಫಲ್ವಿನ್ ಬಂದಾಗ ಮೊದಲ ಬಾರಿಗೆ ಈ ರೋಗಕ್ಕೆ ನುಂಗುವ ಔಷಧ ಸಿಕ್ಕಿತು.

ನನ್ನ ತಲೆಮಾರು ಕಂಡ ಬೆರಗು ಟರ್ಬಿನಾಫಿನ್. ಶಿಲೀಂಧ್ರದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ಅದು ಒಂದು ಕಿಣ್ವವನ್ನು ತಡೆಯುತ್ತದೆ. ದಿನಕ್ಕೆ 250 ಮಿಲಿಗ್ರಾಂ, ಎರಡು ವಾರ. ರೋಗಿ ಮತ್ತೆ ಬರುತ್ತಿರಲಿಲ್ಲ. ಹುಳುಕಡ್ಡಿ ಆಮೇಲೆ ಪಾಠದ ಮೊದಲ ಪುಟದ ರೋಗವಾಯಿತು. ಅದರ ಮೇಲೆ ಸಂಶೋಧನೆ ಮಾಡುತ್ತೇನೆಂದ ಸ್ನಾತಕೋತ್ತರ ವಿದ್ಯಾರ್ಥಿಗೆ ಮಾರ್ಗದರ್ಶಕರು ಬೇರೆ ವಿಷಯ ಹುಡುಕು ಎನ್ನುತ್ತಿದ್ದರು. ಆ ಉದಾಸೀನಕ್ಕೆ ನಾವು ತೆತ್ತ ಬೆಲೆ ದೊಡ್ಡದು.

2013–14ರ ಹೊತ್ತಿಗೆ ಹೊರರೋಗಿ ವಿಭಾಗದ ಸಾಲು ಬದಲಾಯಿತು. ತೊಡೆಸಂದಿನಿಂದ ಸೊಂಟಕ್ಕೆ, ಬೆನ್ನಿಗೆ, ಮುಖಕ್ಕೆ ಹಬ್ಬಿದ ಬಳೆಗಳು, ಬಳೆಯೊಳಗೊಂದು ಬಳೆ. ಗಂಡ, ಹೆಂಡತಿ, ಅತ್ತೆ, ಕಂಕುಳಲ್ಲಿ ಕೂಸು, ಎಲ್ಲರಿಗೂ ನವೆ. ಚೀಲದಿಂದ ಅರ್ಧ ಖಾಲಿಯಾದ ನಾಲ್ಕೈದು ಟ್ಯೂಬು ಹೊರಬರುತ್ತಿದ್ದವು. "ಹಚ್ಚಿದರೆ ಎರಡು ದಿನದಲ್ಲಿ ಹೋಗುತ್ತೆ ಸಾರ್, ಬಿಟ್ಟರೆ ಮತ್ತೆ ಬರುತ್ತೆ" ಎನ್ನುವ ಮಾತನ್ನು ಕೇಳದ ಚರ್ಮದ ಡಾಕ್ಟರು ಈ ದೇಶದಲ್ಲಿರಲಾರರು.

ಆ ಟ್ಯೂಬುಗಳಲ್ಲಿ ಕ್ಲೊಬೆಟಸಾಲ್‌ನಂಥ ತೀಕ್ಷ್ಣ ಸ್ಟಿರಾಯ್ಡ್, ಜೊತೆಗೆ ಒಂದು ಶಿಲೀಂಧ್ರನಾಶಕ, ಒಂದೆರಡು ಆಂಟಿಬಯಾಟಿಕ್. ಚರ್ಮ ಕೆಂಪಾಗುವುದು, ತುರಿಸುವುದು ಶಿಲೀಂಧ್ರವನ್ನು ಹೊರಹಾಕಲು ದೇಹ ನಡೆಸುವ ಹೋರಾಟದ ಗುರುತು. ಸ್ಟಿರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ರೋಗಿಗೆ ಹಾಯೆನಿಸುತ್ತದೆ, ಶಿಲೀಂಧ್ರ ತಡೆಯಿಲ್ಲದೆ ಬೆಳೆಯುತ್ತದೆ. ಹೀಗೆ ವೇಷ ಮರೆಸಿಕೊಂಡ ಹುಳುಕಡ್ಡಿಯನ್ನು 1968ರಲ್ಲೇ ಇಂಗ್ಲೆಂಡಿನ ಐವ್ ಮತ್ತು ಮಾರ್ಕ್ಸ್ ವಿವರಿಸಿದ್ದರು. ನಮ್ಮಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅಬೀರ್ ಸಾರಸ್ವತ್ ಮತ್ತು ಸಂಗಡಿಗರು ಹಲವು ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಯಿದ್ದ 2926 ರೋಗಿಗಳನ್ನು ವಿಚಾರಿಸಿದಾಗ 433 ಮಂದಿ ಸ್ಟಿರಾಯ್ಡ್ ಹಚ್ಚುತ್ತಿದ್ದರು. ವಡೋದರದ ಚರ್ಮವೈದ್ಯ ಶ್ಯಾಮ್ ವರ್ಮಾ ಈ ಟ್ಯೂಬುಗಳ ವಹಿವಾಟಿನ ಬಗ್ಗೆ ವರ್ಷಗಟ್ಟಲೆ ಬಿಡದೆ ಬರೆದರು. ಯಂತ್ರವಿಲ್ಲದೆ, ಕಣ್ಣಿನಿಂದ ನೋಡಿ, ಬಾಯಿಂದ ಕೇಳಿ ಮಾಡಿದ ಈ ಕೆಲಸವೇ ನಮ್ಮ ಕ್ಷೇತ್ರದ ಇತ್ತೀಚಿನ ಅತ್ಯುತ್ತಮ ಸಂಶೋಧನೆ ಎಂದು ನಾನು ನಂಬುತ್ತೇನೆ. 2018ರಲ್ಲಿ ಸರ್ಕಾರ ಹದಿನಾಲ್ಕು ಸ್ಟಿರಾಯ್ಡ್ ಲೇಪಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿದ್ದರ ಹಿಂದೆ ಚರ್ಮವೈದ್ಯರ ಈ ಒತ್ತಾಯವಿತ್ತು. ಆದೇಶ ಮೆಡಿಕಲ್ ಶಾಪಿನ ಕಟ್ಟೆಯವರೆಗೆ ಇನ್ನೂ ಸರಿಯಾಗಿ ತಲುಪಿಲ್ಲ.

ಔಷಧ ಪರೀಕ್ಷೆಗಳಲ್ಲಿ ನಾನು ವಿದ್ಯಾರ್ಥಿಗಳಿಗೆ ಮೊದಲು ಓದಿಸುವುದು ವಾರಾಣಸಿಯಿಂದ ಬಂದು 2020ರಲ್ಲಿ ಪ್ರಕಟವಾದ ಪ್ರಬಂಧವನ್ನು. ಇನ್ನೂರು ರೋಗಿಗಳನ್ನು ಯಾದೃಚ್ಛಿಕವಾಗಿ ನಾಲ್ಕು ಗುಂಪು ಮಾಡಿ ನಾಲ್ಕು ಮಾತ್ರೆಗಳನ್ನು ಕೊಟ್ಟು ನೋಡಿದರು. ಎಂಟು ವಾರಕ್ಕೆ ಗುಣವಾದವರು ಇಟ್ರಕೊನಜೋಲ್‌ನಲ್ಲಿ ಶೇ. 66, ಫ್ಲುಕೊನಜೋಲ್‌ನಲ್ಲಿ 42, ಟರ್ಬಿನಾಫಿನ್‌ನಲ್ಲಿ 28, ಗ್ರಿಸಿಯೊಫಲ್ವಿನ್‌ನಲ್ಲಿ 14. ನಮ್ಮ ಬೆರಗಿನ ಮಾತ್ರೆ ಮೂರನೆಯ ಸ್ಥಾನಕ್ಕೆ ಇಳಿದಿತ್ತು. ಇಂಥ ಸೋಲಿನ ಅಂಕಿಗಳನ್ನು ಮುಚ್ಚಿಡದೆ ಅಚ್ಚು ಹಾಕಿಸುವುದಕ್ಕೆ ಧೈರ್ಯ ಬೇಕು.

ಜೀನಿನ ಸಂಶೋಧನೆ ಬಂದದ್ದು ಇದರ ಅಕ್ಕಪಕ್ಕದಲ್ಲೇ. ಟರ್ಬಿನಾಫಿನ್ ತಡೆಯುವ ಕಿಣ್ವದ 397ನೆಯ ಜಾಗದಲ್ಲಿ ಫಿನೈಲ್‌ಅಲನಿನ್ ಬದಲು ಲ್ಯೂಸಿನ್ ಬಂದರೆ ಔಷಧ ಸರಿಯಾಗಿ ಅಂಟುವುದಿಲ್ಲ ಎಂದು ಭಾರತದ ಪ್ರಯೋಗಾಲಯಗಳೂ ತೋರಿಸಿದವು. ಈ ಕೆಲಸದ ಬೆಲೆಯನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಇಟ್ರಕೊನಜೋಲ್‌ಗೆ ಬಗ್ಗುವ ತಳಿಯಿದ್ದವರಲ್ಲೂ ರೋಗ ಮರುಕಳಿಸುತ್ತದೆ. ಅದಕ್ಕೆ ಉತ್ತರ ಆ ಒಂದು ಜೀನಿನಲ್ಲಿ ಸಿಗುವುದಿಲ್ಲ.

ಖಾಲಿ ಉಳಿದಿರುವುದು ಇಲ್ಲಿಯೇ. ನಮ್ಮ ಪರೀಕ್ಷೆಗಳಲ್ಲಿ ಹೆಚ್ಚಿನವು ಎಂಟು ಹನ್ನೆರಡು ವಾರಕ್ಕೆ ಮುಗಿಯುತ್ತವೆ. ವರ್ಷದ ಮೇಲೆ ರೋಗಿ ಹೇಗಿದ್ದಾನೆಂದು ಹೇಳುವಂಥವು ಅಪರೂಪ. ಮನೆಯವರೆಲ್ಲರಿಗೂ ಒಟ್ಟಿಗೆ ಚಿಕಿತ್ಸೆ ಕೊಡಿ ಎಂದು ನಾವೆಲ್ಲ ಹೇಳುತ್ತೇವೆ, ಆದರೆ ಹಾಗೆ ಕೊಟ್ಟ ಮನೆಗಳನ್ನೂ ಒಬ್ಬರಿಗೇ ಕೊಟ್ಟ ಮನೆಗಳನ್ನೂ ಹೋಲಿಸಿ ನೋಡುವ ಗೊಡವೆಗೆ ಹೋದವರು ಕಡಿಮೆ. ಕಡಿಮೆ ಬೆಲೆಯ ವಿಟ್‌ಫೀಲ್ಡ್ ಮುಲಾಮನ್ನು ಇಂದಿನ ತಳಿಯ ಎದುರು ನಿಲ್ಲಿಸಿ ನೋಡಲು ಯಾವ ಕಂಪನಿಗೂ ಲಾಭವಿಲ್ಲ.

ಈ ಖಾಲಿಯನ್ನು ತುಂಬಲು ದಾರಿಯಿದೆ. ಕುಷ್ಠರೋಗದಲ್ಲಿ ರೋಗಿಯ ಮನೆಗೆ ಹೋಗಿ ಎಲ್ಲರ ಮೈ ಪರೀಕ್ಷಿಸುವುದು ನಮ್ಮ ರಾಜ್ಯದ ಆರೋಗ್ಯ ಕಾರ್ಯಕರ್ತರಿಗೆ ರೂಢಿಯ ಕೆಲಸ. ಅದೇ ಭೇಟಿಯಲ್ಲಿ ಹುಳುಕಡ್ಡಿಯನ್ನೂ ಗುರುತಿಸಿ, ಚರ್ಮದ ಹೊಟ್ಟನ್ನು ಕೆರೆದು ತಂದು, ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಮನೆಯಲ್ಲಿ ಯಾವ ಟ್ಯೂಬು ಇದೆಯೆಂದು ಬರೆದುಕೊಳ್ಳಬಹುದು. ಒಂದು ತಾಲ್ಲೂಕು, ಒಂದು ವರ್ಷ ಸಾಕು. ಜೀನು ಓದುವ ಯಂತ್ರಕ್ಕೆ ಅನುದಾನ ಕೇಳುವ ಮುಂದಿನ ಅರ್ಜಿಯಲ್ಲಿ ಇದಕ್ಕೂ ಒಂದು ಪುಟ ಇರಲಿ.