ಮಾಟುಂಗಾ ನಿಲ್ದಾಣದ ಹೆಂಗಸರು

ಮುಂಬಯಿಯ ಮಧ್ಯ ರೈಲ್ವೆ ಹಾದಿಯಲ್ಲಿ ದಾದರ್ ದಾಟಿದರೆ ಮಾಟುಂಗಾ. ಈ ಬಡಾವಣೆಯಲ್ಲೇ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇರುವುದರಿಂದ ಕನ್ನಡಿಗರಿಗೂ ಇದು ಪರಿಚಿತ ನಿಲ್ದಾಣ. ಲೋಕಲ್ ರೈಲಿನಲ್ಲಿ ಹೆಂಗಸರಿಗೆ ಪ್ರತ್ಯೇಕ ಬೋಗಿ ಮೊದಲೇ ಇತ್ತು. 1992ರಲ್ಲಿ ಪಶ್ಚಿಮ ರೈಲ್ವೆ ಅವರಿಗೆಂದೇ ಇಡೀ ರೈಲು ಓಡಿಸಿತು. ಆದರೂ ಅವರು ಪ್ರಯಾಣಿಕರಷ್ಟೇ. ನಿಲ್ದಾಣ ನಡೆಸುವವರು ಹೆಚ್ಚಾಗಿ ಗಂಡಸರೇ.

2017ರ ಜುಲೈನಲ್ಲಿ ಮಾಟುಂಗಾ ಪೂರ್ತಿ ಮಹಿಳೆಯರ ಕೈಗೆ ಬಂತು. ವ್ಯವಸ್ಥಾಪಕಿ, ಟಿಕೆಟ್ ಕೊಡುವವರು, ತಪಾಸಣೆಯವರು, ರೈಲ್ವೆ ರಕ್ಷಣಾ ದಳದವರು ಎಲ್ಲರೂ ಹೆಂಗಸರು. ದೇಶದ ಉಪನಗರ ನಿಲ್ದಾಣಗಳಲ್ಲಿ ಇದೇ ಮೊದಲು. 2018ರ ಲಿಮ್ಕಾ ದಾಖಲೆ ಪುಸ್ತಕಕ್ಕೂ ಸೇರಿತು.

ನಿಲ್ದಾಣದ ಸೌಲಭ್ಯ ಎಂದಾಗ ನಾವು ನೀರು, ಬೆಂಚು, ಮೇಲ್ಸೇತುವೆ ಎಣಿಸುತ್ತೇವೆ. ತಡರಾತ್ರಿ ಒಬ್ಬಳೇ ಇಳಿಯುವ ಹುಡುಗಿಯನ್ನು ಕೇಳಿದರೆ ಆ ಪಟ್ಟಿಗೆ ಇವರನ್ನೂ ಸೇರಿಸಿಯಾಳು.