ಬಜ್ಪೆಯ ಗುಡ್ಡದ ಮೇಲೆ ಮೂರು ಕರೆ

ಗುಡ್ಡದ ನೆತ್ತಿ ಕಡಿದು ಮಟ್ಟಸ ಮಾಡಿದ ಜಾಗ ಮಂಗಳೂರು ಬಳಿಯ ಬಜ್ಪೆ. 1951ರಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಇಲ್ಲಿ ರನ್‌ವೇ ಮುಗಿದರೆ ಕಣಿವೆಯೇ. 1981ರಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದು ರನ್‌ವೇ ದಾಟಿ ಅಂಚಿನಲ್ಲಿ ನಿಂತಿತ್ತು, ಯಾರೂ ಸಾಯಲಿಲ್ಲ. 2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಂತು.

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಕ್ಯಾಪ್ಟನ್ ದಾರಿಯಲ್ಲಿ ದೀರ್ಘ ನಿದ್ದೆ ಮಾಡಿದ್ದರು. ಎತ್ತರ ಇಳಿಸುವ ಆತುರದಲ್ಲಿ ವಿಮಾನ ಧುಮುಕುವಂತೆ ಕೆಳಗಿಳಿಯಿತು. ಇದನ್ನೇ ವೈಮಾನಿಕರು ‘ಅನ್‌ಸ್ಟೆಬಿಲೈಸ್ಡ್ ಅಪ್ರೋಚ್’ ಎನ್ನುವುದು: ವೇಗ, ಎತ್ತರ, ಇಳಿಯುವ ದರಗಳಲ್ಲಿ ಯಾವುದಾದರೂ ಒಂದು ಮಿತಿ ಮೀರಿರುತ್ತದೆ. ಆಗ ನಿಯಮ ಒಂದೇ, ಇಳಿಯುವುದು ಬಿಟ್ಟು ಮೇಲೇರಿ ಇನ್ನೊಂದು ಸುತ್ತು ಬರುವುದು, ಅಂದರೆ ‘ಗೋ ಅರೌಂಡ್’.

ಸಹಪೈಲಟ್ ಮೂರು ಬಾರಿ ‘ಗೋ ಅರೌಂಡ್’ ಎಂದರು. ಯಂತ್ರವೂ ಎಚ್ಚರಿಸುತ್ತಲೇ ಇತ್ತು.

ಚಕ್ರಗಳು ನೆಲ ಮುಟ್ಟಿದ್ದು ರನ್‌ವೇ ಆರಂಭದಿಂದ ಸುಮಾರು 5,200 ಅಡಿ ದಾಟಿ. ಬ್ರೇಕ್ ಹಾಕಿದ ಮೇಲೆ ಕ್ಯಾಪ್ಟನ್ ಮತ್ತೆ ಹಾರಲು ನೋಡಿದರು. ತನಿಖಾ ವರದಿಯಲ್ಲಿ ಮನಸ್ಸು ಕಲಕುವ ಭಾಗವೇ ಇದು: ಆ ಹೊತ್ತಿನಲ್ಲೂ ನಿಲ್ಲಿಸಲು ಜಾಗವಿತ್ತು, ಹಾರಲು ಇರಲಿಲ್ಲ. ರನ್‌ವೇ ತುದಿಯಾಚೆಗಿನ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದು ವಿಮಾನ ಕಣಿವೆಗೆ ಬಿದ್ದು ಉರಿಯಿತು. 166 ಮಂದಿಯಲ್ಲಿ ಉಳಿದವರು ಎಂಟು.

ಗುಡ್ಡವನ್ನು ದೂರುವುದು ಸುಲಭ. ನಿವೃತ್ತ ಏರ್ ಮಾರ್ಷಲ್ ಗೋಖಲೆ ನೇತೃತ್ವದ ತನಿಖೆ ದೂರಿದ್ದು ಮಾತ್ರ ಇಳಿಯುವುದನ್ನು ಬಿಡದ ಕ್ಯಾಪ್ಟನ್ ನಿರ್ಧಾರವನ್ನು. ಹತ್ತು ವರ್ಷದ ಬಳಿಕ ಕೋಯಿಕ್ಕೋಡ್‌ನಲ್ಲಿ ಮಳೆಯ ರಾತ್ರಿ ಅದೇ ಸಂಸ್ಥೆಯ ವಿಮಾನ ರನ್‌ವೇಯ ಅರ್ಧ ದಾಟಿ ಇಳಿಯಿತು. ಅಲ್ಲಿಯೂ ಸಹಪೈಲಟ್ ‘ಗೋ ಅರೌಂಡ್’ ಎಂದಿದ್ದರು. 21 ಮಂದಿ ಸತ್ತರು.